ಚಳಿಯ ಮುಂಜಾನೆ ಏಳದ ಕಂಪ್ಯೂಟರ್

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಯಿದೆ. 2010ರಲ್ಲಿ ಕೊಂಡ, ಜಿ41 ಚಿಪ್‌ಸೆಟ್ಟಿನ ಮದರ್‌ಬೋರ್ಡ್ ಇರುವ ಕಂಪ್ಯೂಟರಿನಲ್ಲೇ ಇಂದಿಗೂ ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರಗಳ ಕೆಲಸ ನಡೆಯುತ್ತಿದೆ. ಎರಡು ತಿಂಗಳಿಂದ ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಎರಡು ಸೆಕೆಂಡು ತಿರುಗಿ ನಿಲ್ಲುತ್ತದೆ, ತಾನಾಗಿಯೇ ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಹೀಗೆ ಆರೇಳು ಸಲ ಆದ ಮೇಲೆ ಪರದೆಯಲ್ಲಿ ಅಕ್ಷರ ಮೂಡುತ್ತದೆ. ಒಮ್ಮೆ ಶುರುವಾದರೆ ರಾತ್ರಿ ಎಂಟರವರೆಗೂ ತಕರಾರಿಲ್ಲ. ಮಧ್ಯೆ ಆರಿಸಿ ಹಾಕಿದರೂ ಒಂದೇ ಸಲಕ್ಕೆ ಏಳುತ್ತದೆ. ರಿಪೇರಿಯವರು ಮೊದಲು ರ‍್ಯಾಮ್ ಬದಲಿಸಿದರು. ಈಗ ಬೋರ್ಡೇ ಹೋಗಿದೆ, ಹೊಸದು ಕೊಳ್ಳಿ ಎನ್ನುತ್ತಿದ್ದಾರೆ. ಬೇರೆ ದಾರಿಯಿಲ್ಲವೇ?

ಉತ್ತರ: ಇದೆ, ಮತ್ತು ಆ ದಾರಿಯನ್ನು ನಿಮ್ಮ ಪತ್ರವೇ ತೋರಿಸುತ್ತಿದೆ. ಬೆಳಿಗ್ಗೆ ಮಾತ್ರ ತೊಂದರೆ, ಬಿಸಿಯಾದ ಮೇಲೆ ಇಲ್ಲ ಎಂಬ ಒಂದು ಮಾತು ಹತ್ತು ಬಿಡಿಭಾಗಗಳನ್ನು ಬದಲಿಸಿ ನೋಡುವುದಕ್ಕಿಂತ ಹೆಚ್ಚು ಬೆಲೆಯದು. ರ‍್ಯಾಮ್ ಕೆಟ್ಟಿದ್ದರೆ ಅದು ಸಾಮಾನ್ಯವಾಗಿ ಮಧ್ಯಾಹ್ನವೂ ಕಾಡುತ್ತದೆ, ಕೆಲಸದ ನಡುವೆ ಯಂತ್ರ ಸ್ತಬ್ಧವಾಗುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ ನಂದಿಬೆಟ್ಟದ ಆಸುಪಾಸಿನ ನಮ್ಮ ಊರುಗಳಿಂದ ಇಂಥ ಯಂತ್ರಗಳು ಒಂದರ ಹಿಂದೊಂದರಂತೆ ನನ್ನ ಮೇಜಿಗೆ ಬರುತ್ತವೆ, ಮತ್ತು ಬಹುಪಾಲು ಸಲ ತಪ್ಪಿತಸ್ಥ ಒಂದೇ: ಒಣಗಿದ ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರ್.

ಈ ಕೆಪ್ಯಾಸಿಟರ್ ಎಂದರೆ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವನ್ನಿಟ್ಟು ಸುರುಳಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿದ ವಸ್ತು. ವರ್ಷಗಳು ಕಳೆದಂತೆ ದ್ರವ ಆರುತ್ತದೆ, ಒಳಗಿನ ರೋಧ ಏರುತ್ತದೆ, ಆಗ ಅದು ವೋಲ್ಟೇಜಿನ ಏರಿಳಿತವನ್ನು ಹಿಡಿದಿಡಲಾರದು. ಉಳಿದ ದ್ರವವೂ ತಣ್ಣಗಿದ್ದಾಗ ವಿದ್ಯುತ್ತನ್ನು ಇನ್ನೂ ಕಡಿಮೆ ಹರಿಸುತ್ತದೆ. ಪ್ರೊಸೆಸರ್ ಪಕ್ಕದ ಸರ್ಕ್ಯೂಟ್ 12 ವೋಲ್ಟನ್ನು ಸುಮಾರು 1.2 ವೋಲ್ಟಿಗೆ ಇಳಿಸಿ ಕೊಡಬೇಕು. ಅಲ್ಲಿ ಅಲೆ ಎದ್ದರೆ ಬೋರ್ಡು ತನ್ನನ್ನು ತಾನೇ ನಿಲ್ಲಿಸಿಕೊಂಡು ಮತ್ತೆ ಯತ್ನಿಸುತ್ತದೆ. ನೀವು ಕಾಣುವ ಆರೇಳು ಯತ್ನಗಳಲ್ಲಿ ಕೆಪ್ಯಾಸಿಟರ್ ಚೂರುಚೂರೇ ಬೆಚ್ಚಗಾಗುತ್ತದೆ, ಕೊನೆಗೊಮ್ಮೆ ಕೈಹಿಡಿಯುತ್ತದೆ.

ಈಗ ಉಳಿಯುವ ಪ್ರಶ್ನೆ, ದೋಷ ಮದರ್‌ಬೋರ್ಡಿನದೋ, ಗೋಡೆಯ ವಿದ್ಯುತ್ತನ್ನು ಇಳಿಸಿ ಕಂಪ್ಯೂಟರಿಗೆ ಕೊಡುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯದೋ ಎಂಬುದು, ಏಕೆಂದರೆ ಇಂಥ ಕೆಪ್ಯಾಸಿಟರುಗಳು ಎರಡರಲ್ಲೂ ಇವೆ. ಒಳ್ಳೆಯದೆಂದು ಗೊತ್ತಿರುವ ಎಸ್‌ಎಂಪಿಎಸ್ ಒಂದನ್ನು ಗೆಳೆಯರಿಂದ ಒಂದು ರಾತ್ರಿಯ ಮಟ್ಟಿಗೆ ತಂದು ಜೋಡಿಸಿ ಬೆಳಿಗ್ಗೆ ನೋಡುವುದು ಎಲ್ಲಕ್ಕಿಂತ ಸುಲಭ. ಅದು ಸಿಗದಿದ್ದರೆ ಎರಡು ಮುಂಜಾವುಗಳ ಪರೀಕ್ಷೆಯೊಂದಿದೆ, ನಾನು ಹೆಚ್ಚಾಗಿ ನಂಬುವುದು ಇದನ್ನೇ. ಮೊದಲ ದಿನ ವೈರನ್ನು ಗೋಡೆಯಿಂದ ಕಿತ್ತು, ಕೂದಲು ಒಣಗಿಸುವ ಡ್ರೈಯರನ್ನು ಒಂದು ಗೇಣು ದೂರ ಹಿಡಿದು, ಪ್ರೊಸೆಸರ್ ಸುತ್ತಲಿನ ಭಾಗಕ್ಕೆ ಮಾತ್ರ ಒಂದೆರಡು ನಿಮಿಷ ಬೆಚ್ಚನೆಯ ಗಾಳಿ ಕೊಡಿ. ಮುಟ್ಟಿದರೆ ಹಿತವಾಗಿ ಬೆಚ್ಚಗಿರಬೇಕು, ಸುಡಬಾರದು. ಬಳಿಕ ವೈರ್ ಹಾಕಿ ಬಟನ್ ಒತ್ತಿ. ಮರುದಿನ ಬೋರ್ಡಿನ ಕಡೆ ಗಾಳಿ ತಾಗದಂತೆ ಎಸ್‌ಎಂಪಿಎಸ್‌ನ ಜಾಲರಿಗೆ ಮಾತ್ರ ಕೊಡಿ. ಯಾವ ದಿನ ಯಂತ್ರ ಒಂದೇ ಸಲಕ್ಕೆ ಎದ್ದಿತೋ ಅಂದು ಬೆಚ್ಚಗಾದ ಕಡೆ ದೋಷವಿದೆ. ಎಸ್‌ಎಂಪಿಎಸ್ ಎಂದು ತಿಳಿದರೆ ಅದನ್ನು ಬಿಚ್ಚದೆ ಇಡಿಯಾಗಿ ಬದಲಿಸಿ. ಅದರೊಳಗಿನ ದೊಡ್ಡ ಕೆಪ್ಯಾಸಿಟರ್ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತನ್ನು ವೈರ್ ಕಿತ್ತ ಮೇಲೂ ಹಿಡಿದುಕೊಂಡಿರಬಹುದು. ಈ ವಿಷಯದಲ್ಲಿ ದಯವಿಟ್ಟು ಧೈರ್ಯ ತೋರಿಸಬೇಡಿ.

ಮಲ್ಟಿಮೀಟರ್ ಇದ್ದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಗೋಡೆಯ ಸ್ವಿಚ್ ಹಾಕಿ, ಬಟನ್ ಒತ್ತದೆ, 24 ಪಿನ್‌ಗಳ ಕನೆಕ್ಟರಿನ ನೇರಳೆ ವೈರಿಗೂ ಕಪ್ಪು ವೈರಿಗೂ ನಡುವೆ ಅಳೆಯಿರಿ. ಅದು 4.75ರಿಂದ 5.25 ವೋಲ್ಟಿನ ಒಳಗಿರಬೇಕು. ಬೋರ್ಡಿಗೆ ಬಟನ್ ಒತ್ತಿದ್ದು ತಿಳಿಯುವುದೇ ಈ ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದ. ರಾತ್ರಿ ಗೋಡೆಯ ಸ್ವಿಚ್ ಆರಿಸಿ ಹೋಗುವ ಅಂಗಡಿಗಳಲ್ಲಿ ಇದೂ ತಣ್ಣಗಿರುವ ಸ್ಥಿತಿಯಿಂದಲೇ ಶುರುವಾಗಬೇಕು. ಸ್ವಿಚ್ ಹಾಕಿ ಹತ್ತು ನಿಮಿಷ ಕಾದು ಬಟನ್ ಒತ್ತಿದರೆ ಸಲೀಸಾಗಿ ಏಳುತ್ತದೆಯೆಂದಾದರೆ ಅನುಮಾನ ಎಸ್‌ಎಂಪಿಎಸ್ ಕಡೆಗೇ ವಾಲುತ್ತದೆ.

ಬೋರ್ಡಿನದೇ ದೋಷವೆಂದಾದರೂ ಕೈಬಿಡಬೇಕಿಲ್ಲ. ಕೆಪ್ಯಾಸಿಟರುಗಳ ತಲೆಯ ಮೇಲಿನ ಗೀರುಗಳನ್ನು ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಕಳೆದ ವಾರ ನಾನು ಬಿಚ್ಚಿದ ಬೋರ್ಡಿನಲ್ಲಿ 6.3 ವೋಲ್ಟ್, 1500 ಮೈಕ್ರೊಫ್ಯಾರಡ್‌ನ ಐದು ಸಾಲಾಗಿದ್ದವು; ಮೂರರ ತಲೆ ನಾಣ್ಯದಂತೆ ಚಪ್ಪಟೆ, ಎರಡರದು ಬೆರಳಿಗೆ ತಿಳಿಯುವಷ್ಟು ಉಬ್ಬಿ, ಒಂದರ ಗೀರಿನಲ್ಲಿ ಬೆಲ್ಲದ ಪಾಕ ಒಣಗಿದಂಥ ಕಂದು ಹಕ್ಕಳೆ. ಉಬ್ಬದವೂ ಒಣಗಿರಬಹುದಾದ್ದರಿಂದ ಐದನ್ನೂ ಬದಲಿಸಿದೆ. ಗೀರಿಲ್ಲದ, ಲೋಹದ ತಲೆಯ ಗಿಡ್ಡ ಸಾಲಿಡ್ ಕೆಪ್ಯಾಸಿಟರುಗಳೇ ಇದ್ದರೆ ಅವುಗಳಲ್ಲಿ ಒಣಗುವ ದ್ರವವಿಲ್ಲ. ಆಗ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲಿರಲಿ. ಹೊಸದನ್ನು ತರುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದು, ಕಡಿಮೆ ಒಳರೋಧದ್ದು ಎಂದು ಕೇಳಿ ತನ್ನಿ. ಬೋರ್ಡಿನ ಮೇಲೆ ಋಣಧ್ರುವವನ್ನು ಗುರುತಿಸುವ ಕ್ರಮ ಎಲ್ಲ ತಯಾರಕರದೂ ಒಂದೇ ಅಲ್ಲ, ಆದ್ದರಿಂದ ಕೀಳುವ ಮುನ್ನ ಫೋಟೊ ತೆಗೆದಿಡಿ. ಬೋರ್ಡಿನ ಒಳಪದರಗಳ ತಾಮ್ರ ಕಾವನ್ನೆಲ್ಲ ಹೀರುವುದರಿಂದ 25 ವ್ಯಾಟಿನ ಕಾವುಗೋಲು (ಸೋಲ್ಡರಿಂಗ್ ಐರನ್) ಸಾಲದು, ಬಲವಂತ ಮಾಡಿದರೆ ರಂಧ್ರದ ಲೇಪವೇ ಕಿತ್ತುಬರುತ್ತದೆ. ಟಿವಿ ರಿಪೇರಿಯಲ್ಲಿ ಪಳಗಿದವರ ಕೈಗೆ ಕೊಟ್ಟರೆ ಅರ್ಧ ಗಂಟೆಯ ಕೆಲಸ. ಒಂದು ಮನೆಯ ಅನ್ನಕ್ಕೆ ಆಧಾರವಾಗಿರುವ ಯಂತ್ರವನ್ನು ಇಷ್ಟನ್ನೂ ನೋಡದೆ ಗುಜರಿಗೆ ಹಾಕಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಚಿಂತಾಮಣಿಯಲ್ಲಿರುವ ನಮ್ಮ ಮನೆಯ ಹಳೆಯ ಕಂಪ್ಯೂಟರ್ ಪ್ರತಿ ಬೆಳಿಗ್ಗೆ 2009ನೇ ಇಸವಿ ತೋರಿಸುತ್ತದೆ, ಎಫ್1 ಒತ್ತಿ ಎನ್ನುತ್ತದೆ, ಬ್ಯಾಂಕಿನ ಜಾಲತಾಣ ತೆರೆದರೆ ಸುರಕ್ಷಿತವಲ್ಲ ಎನ್ನುತ್ತದೆ. ವೈರಸ್ಸೇ?

ಉತ್ತರ: ಅಲ್ಲ. ಕಂಪ್ಯೂಟರ್ ಆರಿದ್ದಾಗಲೂ ದಿನಾಂಕವನ್ನು ಕಾಯುವ, ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟಿನ ಸೆಲ್ ಮುಗಿದಿದೆ. ಜಾಲತಾಣಗಳ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. 2009ರಲ್ಲಿ ನಿಂತ ಯಂತ್ರಕ್ಕೆ ಅವೆಲ್ಲ ಇನ್ನೂ ಜಾರಿಗೆ ಬಾರದವು. ಸೆಲ್ ಬದಲಿಸಿ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ದಿನಾಂಕ ಸರಿಪಡಿಸಿದರೆ ಸಾಕು, ಆದರೆ ಅಲ್ಲೇ ಸಾಟಾ ಎಂಬ ಸಾಲಿನಲ್ಲಿ ಐಡಿಇ ಇದೆಯೋ ಎಎಚ್‌ಸಿಐ ಇದೆಯೋ ನೋಡಿ; ಇವು ಬೋರ್ಡು ಡಿಸ್ಕಿನೊಡನೆ ವ್ಯವಹರಿಸುವ ಎರಡು ಬಗೆಗಳು. ಸೆಲ್ ಮುಗಿದಾಗ ಇದೂ ಮೂಲಸ್ಥಿತಿಗೆ ಮರಳುತ್ತದೆ, ಮತ್ತು ವಿಂಡೋಸ್ ಹಾಕಿದಾಗ ಇದ್ದುದಕ್ಕಿಂತ ಬೇರೆಯಾಗಿದ್ದರೆ ನೀಲಿ ಪರದೆ ಬಂದು ನಿಲ್ಲುತ್ತದೆ. ಡಿಸ್ಕ್ ಕೆಟ್ಟಿತೆಂದು ಗಾಬರಿಯಾಗಿ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು, ಮಕ್ಕಳ ಫೋಟೊಗಳನ್ನೆಲ್ಲ ಕಳೆದುಕೊಂಡವರನ್ನು ಕಂಡಿದ್ದೇನೆ. ನೀಲಿ ಪರದೆ ಬಂದರೆ ಮೊದಲು ಆ ಒಂದು ಆಯ್ಕೆಯನ್ನು ಬದಲಿಸಿ ನೋಡಿ.

ಪ್ರಶ್ನೆ: ಬಾಗೇಪಲ್ಲಿಯಿಂದ ಬರೆಯುತ್ತಿದ್ದೇನೆ. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಬೀಪ್ ಶಬ್ದವೂ ಇಲ್ಲ.

ಉತ್ತರ: ಶಬ್ದವಿಲ್ಲ ಎನ್ನುವ ಮುನ್ನ ಬೋರ್ಡಿಗೆ ಸ್ಪೀಕರ್ ಇದೆಯೇ ನೋಡಿ. ಅನೇಕ ಪೆಟ್ಟಿಗೆಗಳಲ್ಲಿ ಅದನ್ನು ಜೋಡಿಸಿಯೇ ಇರುವುದಿಲ್ಲ. ನಾಲ್ಕು ಪಿನ್ನಿನ ಪುಟ್ಟ ಸ್ಪೀಕರ್ ಅಗ್ಗಕ್ಕೆ ಸಿಗುತ್ತದೆ. ಅದನ್ನು ಸಿಕ್ಕಿಸಿ, ಪ್ರೊಸೆಸರ್ ಬಳಿಯ ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರ್ ಗಟ್ಟಿಯಾಗಿ ಕೂತಿದೆಯೇ ಎಂದು ಖಚಿತಪಡಿಸಿಕೊಂಡು, ರ‍್ಯಾಮ್ ಪೂರ್ತಿ ತೆಗೆದು ಬಟನ್ ಒತ್ತಿ. ಆಗ ಬೀಪ್ ಕೂಗಿದರೆ ಪ್ರೊಸೆಸರೂ ಬಯೋಸೂ ಜೀವಂತವಾಗಿವೆ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಕೊಡವಿ, ಒಂದೊಂದನ್ನೇ ಬೇರೆ ಬೇರೆ ಸ್ಲಾಟಿನಲ್ಲಿ ಹಾಕಿ ನೋಡಿ. ರ‍್ಯಾಮ್ ಇಲ್ಲದೆಯೂ ಕೂಗದಿದ್ದರೆ ಬೋರ್ಡನ್ನು ಪೆಟ್ಟಿಗೆಯಿಂದ ಹೊರತೆಗೆದು ರಟ್ಟಿನ ಮೇಲಿಟ್ಟು ಅದೇ ಪರೀಕ್ಷೆ ಮಾಡಿ. ಅಲ್ಲಿ ಕೂಗಿದರೆ, ಬೋರ್ಡಿನ ಅಡಿಯಲ್ಲಿ ಜಾರಿಬಿದ್ದ ತಿರುಪಿನಿಂದಲೋ ತಪ್ಪು ಜಾಗದಲ್ಲಿ ಕೂರಿಸಿದ ಹಿತ್ತಾಳೆಯ ಕಾಲಿನಿಂದಲೋ ಶಾರ್ಟ್ ಆಗಿತ್ತೆಂದು ತಿಳಿಯಿರಿ.