ಆಯಿಲ್ ಕೂಲರ್ ಚಿಕ್ಕದಾದರೆ ಸಾಕೇ?

ಪ್ರಶ್ನೆ: ಮನೆಯಲ್ಲೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನಕ್ಕೆ ಮಜ್ದಾ 13ಬಿ ರೋಟರಿ ಎಂಜಿನ್ ಹಾಕಿದ್ದೇನೆ. ರೇಡಿಯೇಟರ್ ದೊಡ್ಡದಿದೆ. ಆಯಿಲ್ ಕೂಲರ್ ಚಿಕ್ಕದಾದರೂ ಸಾಕಲ್ವಾ?
– ಓದುಗರು, ಮಾಲೂರು, ಕೋಲಾರ ಜಿಲ್ಲೆ

ಉತ್ತರ: ಖಂಡಿತ ಸಾಕಾಗುವುದಿಲ್ಲ. ಈ ಎಂಜಿನ್‌ನಲ್ಲಿ ರೇಡಿಯೇಟರ್‌ನ ನೀರು ತಣಿಸುವುದು ಹೊರಗಿನ ಹೌಸಿಂಗನ್ನು, ಅಂದರೆ ಹೊರಕವಚವನ್ನು. ಪಿಸ್ಟನ್ ಬದಲಿಗೆ ಒಳಗೆ ತಿರುಗುವ ತ್ರಿಕೋನಾಕಾರದ ರೋಟರ್‌ಗಳ ಶಾಖ ಹೊರುವುದು ಮುಖ್ಯವಾಗಿ ಆಯಿಲ್. ಹೊರಹಾಕಬೇಕಾದ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಅದರ ಪಾಲಿಗೇ ಬರುತ್ತದೆ.

ಕೂಲರನ್ನು ಸುಮ್ನೆ ಗಾಳಿಗೆ ಒಡ್ಡಿ ಬಿಡುವುದನ್ನು ನಾನಂತೂ ಒಪ್ಪುವುದಿಲ್ಲ. ಮುಂದೆ ನಿಧಾನವಾಗಿ ಅಗಲವಾಗುವ ಡಕ್ಟ್ (ಗಾಳಿ ಹಾಯುವ ಕೊಳವೆ) ಕೊಡಿ. ಸಂದುಗಳನ್ನೆಲ್ಲ ಮುಚ್ಚಿ. ಬಿಸಿ ಗಾಳಿ ಹೊರಹೋಗುವ ದಾರಿ ಒಳಬರುವ ಬಾಯಿಗಿಂತ ದೊಡ್ಡದಿರಲಿ, ಜನ ಮರೆಯುವುದು ಇದನ್ನೇ. ಮೇಲೇರುವಾಗ ಎಂಜಿನ್‌ಗೆ ಕೆಲಸ ಜಾಸ್ತಿ, ವಿಮಾನದ ವೇಗ ಕಡಿಮೆ, ಕೂಲರ್‌ಗೆ ಸಿಗುವ ಗಾಳಿಯೂ ಕಡಿಮೆ. ಹಾಗಾಗಿ ನಿಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಏರುವುದನ್ನೇ ಲೆಕ್ಕಕ್ಕೆ ಹಿಡಿಯಿರಿ. ಆಯಿಲ್ ಹರಿಯುವ ಹೋಸ್‌ಗಳಿಗೆ ಬೆಂಕಿ ತಡೆಯುವ ಕವಚ ಹಾಕದೆ ಹಾರಲೇಬೇಡಿ.