ಮಳೆ ಬಂದಾಗ ಫ್ಯಾಕ್ಟರಿ ಅಂಗಳದಿಂದ ಎಣ್ಣೆ ನೀರು ಮೋರಿಗೆ ಹೋಗುತ್ತಿದೆ, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಪೀಣ್ಯದಲ್ಲಿ ಒಂದು ಎಕರೆ ಜಾಗದ ಮಷಿನ್ ಶಾಪ್, ನೀವು ಮೇಂಟೆನೆನ್ಸ್ ನೋಡಿಕೊಳ್ಳುತ್ತೀರಿ. ಮಳೆ ಬಿದ್ದ ಕೂಡಲೇ ಅಂಗಳದ ನೀರು ಕಾಮನಬಿಲ್ಲಿನ ಬಣ್ಣದ ಪೊರೆ ಹೊತ್ತು ಗೇಟಿನ ಪಕ್ಕದ ಮೋರಿಗೆ ಇಳಿಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ನೋಡಿ, ಸರಿ ಮಾಡಿಕೊಳ್ಳಿ ಅಂತ ಹೇಳಿ ಹೋಗಿದ್ದಾರೆ. ಮಾಲೀಕರು "ಆ ನೀರನ್ನೆಲ್ಲ ಇಟಿಪಿಗೆ (ಫ್ಯಾಕ್ಟರಿಯ ಕೊಳೆನೀರು ಶುದ್ಧ ಮಾಡುವ ಘಟಕ) ತಿರುಗಿಸಿಬಿಡಿ" ಅನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ನಾನೂ ಅದೇ ಪೀಣ್ಯದಲ್ಲಿ, ಇಂಥದ್ದೇ ಒಂದು ಫ್ಯಾಕ್ಟರಿಯಲ್ಲಿ ಹನ್ನೆರಡು ವರ್ಷ ಇದೇ ಕೆಲಸ ಮಾಡಿದವನು. ಮೊದಲಿಗೇ ಹೇಳಿಬಿಡುತ್ತೇನೆ, ಇಟಿಪಿಗೆ ಮಾತ್ರ ತಿರುಗಿಸಬೇಡಿ.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಬರೀ 10 ಮಿಲಿಮೀಟರ್ ಮಳೆಗೆ 40,000 ಲೀಟರ್ ಆಯಿತು. ಜೋರು ಮಳೆ ಬಂದು 50 ಮಿಲಿಮೀಟರ್ ಸುರಿದರೆ ಎರಡು ಲಕ್ಷ ಲೀಟರ್. ನಿಮ್ಮಂಥ ಫ್ಯಾಕ್ಟರಿಯ ಇಟಿಪಿ ದಿನಕ್ಕೆ ಐದೋ ಹತ್ತೋ ಸಾವಿರ ಲೀಟರಿನದು ಇರಬಹುದು. ಅದಕ್ಕೆ ಈ ನೀರು ನುಗ್ಗಿದರೆ ಟ್ಯಾಂಕ್ ತುಂಬಿ ಉಕ್ಕುತ್ತದೆ. ತಳದಲ್ಲಿ ಕೂತಿದ್ದ ಕೆಸರೂ ಎದ್ದು ಅದೇ ಮೋರಿಗೆ ಹೋಗುತ್ತದೆ. ಇದ್ದ ತೊಂದರೆ ದುಪ್ಪಟ್ಟಾಯಿತು ಅಷ್ಟೇ.

ಇನ್ನೊಂದು ಲೆಕ್ಕ ನಿಮ್ಮ ಮಾಲೀಕರಿಗೆ ಹೇಳಲೇಬೇಕು. ಕೆರೆ, ಹೊಳೆಗೆ ಬಿಡುವ ನೀರಿನಲ್ಲಿ ಎಣ್ಣೆ-ಗ್ರೀಸ್ ಲೀಟರಿಗೆ 10 ಮಿಲಿಗ್ರಾಂ ದಾಟಬಾರದು ಅಂತ ನಿಯಮ. 40,000 ಲೀಟರ್ ನೀರು ಆ ಮಿತಿ ತಲುಪಲು ಎಷ್ಟು ಎಣ್ಣೆ ಸಾಕು ಗೊತ್ತಾ? 400 ಗ್ರಾಂ. ಅರ್ಧ ಲೀಟರಿಗೂ ಕಮ್ಮಿ. ಒಂದು ಬ್ಯಾರೆಲ್ ಓರೆಯಾಗಿ ಸೋರಿದರೆ ಸಾಕು. ಅಷ್ಟು ನೀರಿನಿಂದ ಅರ್ಧ ಲೀಟರ್ ಎಣ್ಣೆ ಹುಡುಕಿ ತೆಗೆಯುವುದು ದೊಡ್ಡ ಖರ್ಚಿನ ಕೆಲಸ. ಆ ಅರ್ಧ ಲೀಟರ್ ನೆಲಕ್ಕೆ ಬೀಳದ ಹಾಗೆ ನೋಡಿಕೊಳ್ಳಲು ಒಂದು ತಗಡಿನ ಶೀಟು, ಒಂದು ಟ್ರೇ ಸಾಕು. ನನಗೆ ಇದು ಅರ್ಥವಾಗಲು ಎರಡು ಮಳೆಗಾಲ ಬೇಕಾಯಿತು.

ಹೇಗೆ ಅರ್ಥವಾಯಿತು ಅಂತಲೂ ಹೇಳುತ್ತೇನೆ. ನಮ್ಮ ಗೇಟಿನಿಂದ ಸ್ವಲ್ಪ ಇಳಿಜಾರಿನಲ್ಲಿ ಒಬ್ಬ ಅಕ್ಕ ಟೀ ಅಂಗಡಿ ಇಟ್ಟಿದ್ದರು. ಒಂದು ಮೇ ತಿಂಗಳ ಸಂಜೆ, ಮಳೆ ನಿಂತ ಮೇಲೆ ಟೀ ಕುಡಿಯಲು ಹೋದೆ. "ಏನ್ ಸಾರ್, ಮಳೆ ಬಂದ್ರೆ ಸಾಕು ನಿಮ್ ಗೇಟಿಂದ ಹಾಲು ಹರಿಯುತ್ತೆ" ಅಂದರು. ನಾನು ಮೋರಿ ನೋಡಿದೆ. ನಿಜವಾಗಲೂ ಹಾಲಿನ ಬಣ್ಣ. ಲೋಹ ಕತ್ತರಿಸುವಾಗ ತಣ್ಣಗಿರಲಿ ಅಂತ ಸುರಿಯುವ ಕೂಲೆಂಟ್ ಅದು. ನೀರಿಗೆ ಬೆರೆಸಿದ ಕಟಿಂಗ್ ಆಯಿಲ್ ಹಾಗೇ ಬೆಳ್ಳಗೆ ಇರುತ್ತದಲ್ಲ.

ಅವತ್ತು ವಾಪಸ್ ಬಂದು ಆ ಬಿಳಿ ಗೆರೆಯನ್ನೇ ಹಿಂಬಾಲಿಸಿಕೊಂಡು ಹೋದೆ. ಗೇಟು, ತೂಕದ ಸೇತುವೆ, ಫೋರ್ಕ್‌ಲಿಫ್ಟ್ ಓಡಾಡುವ ದಾರಿ, ಕೊನೆಗೆ ಸ್ಕ್ರಾಪ್ ಯಾರ್ಡ್. ಅಲ್ಲಿ ಲೇಥ್‌ನಿಂದ ಬಂದ ಸುರುಳಿ ಸುರುಳಿ ಲೋಹದ ಚಿಪ್ಸ್ ತುಂಬಿದ ಡಬ್ಬ ಬಯಲಿನಲ್ಲಿ ನಿಂತಿತ್ತು. ತಳದ ಮೂಲೆಯಲ್ಲಿ ವೆಲ್ಡಿಂಗ್ ಬಿಟ್ಟುಕೊಂಡು ಬೆರಳು ತೂರುವಷ್ಟು ಸಂದಿ. ಮೇಲಿಂದ ಮಳೆ, ನಡುವೆ ಕೂಲೆಂಟ್ ಅಂಟಿದ ಚಿಪ್ಸ್, ಕೆಳಗೆ ಸಂದಿ. ಕಾಫಿ ಫಿಲ್ಟರ್ ಇಟ್ಟ ಹಾಗೆ ತೊಟ್ಟಿಕ್ಕುತ್ತಿತ್ತು. ಅದರ ಪಕ್ಕದಲ್ಲೇ ನಾನು ದಿನಾ ನಡೆದು ಹೋಗುತ್ತಿದ್ದೆ. ಒಣಗಿದ್ದಾಗ ಅದು ಕಣ್ಣಿಗೆ ಬೀಳಲೇ ಇಲ್ಲ.

ಅದಕ್ಕೇ ನಿಮಗೆ ಹೇಳುವ ಮೊದಲ ಕೆಲಸ ಇದು. ಮಳೆ ಬರುವಾಗ ಕೊಡೆ ಹಿಡಿದು, ಗಂಬೂಟ್ ಹಾಕಿಕೊಂಡು ಹೊರಗೆ ಹೋಗಿ. ಅಂಗಳದ ನಕ್ಷೆಯ ಒಂದು ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ. ನೀರು ಎಲ್ಲಿಂದ ಎಲ್ಲಿಗೆ ಓಡುತ್ತದೆ ಅಂತ ಬಾಣದ ಗುರುತು ಹಾಕಿ. ಕಾಂಪೌಂಡಿನಿಂದ ಎಷ್ಟು ಕಡೆ ಹೊರಗೆ ಹೋಗುತ್ತದೆ ಎಣಿಸಿ. ಡ್ರಾಯಿಂಗಿನಲ್ಲಿ ಒಂದೇ ಬಾಯಿ ಇರುತ್ತದೆ, ನಿಜದಲ್ಲಿ ಮೂರು ಇರುತ್ತವೆ. ಹಿಂದಿನ ಗೋಡೆಯ ಬುಡದಲ್ಲಿ ಯಾರೋ ಯಾವಾಗಲೋ ಒಡೆದ ತೂತು ನಮ್ಮಲ್ಲೂ ಸಿಕ್ಕಿತು.

ಆಮೇಲೆ ನೀರನ್ನು ಮೂರು ಪಾಲು ಮಾಡಿ. ಚಾವಣಿಯ ನೀರು, ಬರೀ ರಸ್ತೆ-ಅಂಗಳದ ನೀರು, ಎಣ್ಣೆ-ಕೆಮಿಕಲ್ ಇರುವ ಜಾಗದ ನೀರು. ಚಾವಣಿ ನೀರನ್ನು ಡೌನ್ ಪೈಪಿನಲ್ಲೇ ಹಿಡಿದು ಬೇರೆ ಕಡೆ ಒಯ್ಯಿರಿ, ಅಂಗಳಕ್ಕೆ ಬಿಡಬೇಡಿ. ಅಷ್ಟರಿಂದಲೇ ಅಂಗಳದಲ್ಲಿ ಹರಿಯುವ ನೀರು ಎಷ್ಟೋ ಕಮ್ಮಿಯಾಗುತ್ತದೆ. ಚಾವಣಿ ಮೇಲೆ ಎಣ್ಣೆ ಹೊಗೆ, ಪೇಂಟ್ ಬೂತ್, ಪ್ಲೇಟಿಂಗ್ (ಲೋಹಕ್ಕೆ ಲೇಪನ ಕೊಡುವ) ಲೈನಿನ ಹೊಗೆಕೊಳವೆ ಇದ್ದರೆ ಮಾತ್ರ ಆ ನೀರೂ ಶುದ್ಧ ಅಂತ ನಂಬಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಮಳೆ ಕೊಯ್ಲಿನ ಹೆಸರಿನಲ್ಲಿ ಅಂಗಳದ ನೀರನ್ನು ಇಂಗುಗುಂಡಿಗೋ ಬತ್ತಿದ ಬೋರ್‌ವೆಲ್‌ಗೋ ಇಳಿಸುವವರನ್ನು ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ಮೋರಿಗೆ ಹೋದದ್ದು ಕಣ್ಣಿಗಾದರೂ ಕಾಣುತ್ತದೆ. ನೆಲದೊಳಗೆ ಇಳಿದದ್ದು ಕಾಣುವುದೂ ಇಲ್ಲ, ವಾಪಸ್ ಬರುವುದೂ ಇಲ್ಲ. ಪೀಣ್ಯದ ಅಂತರ್ಜಲದಲ್ಲಿ ಪ್ಲೇಟಿಂಗ್‌ನ ಕ್ರೋಮಿಯಂ ಸಿಕ್ಕಿರುವುದು ನಿಮಗೂ ಗೊತ್ತಿರಬೇಕು. ಬೋರ್‌ವೆಲ್ ನೀರು ಹಳದಿ ಬಂದರೆ ಆ ಬೀದಿಯವರು ಏನು ಮಾಡಬೇಕು ಹೇಳಿ. ಇಂಗುಗುಂಡಿಗೆ ಶುದ್ಧ ಚಾವಣಿಯ ನೀರು ಮಾತ್ರ.

ಇನ್ನು ಕೊಳೆ ಇರುವ ಜಾಗಗಳು. ಸ್ಕ್ರಾಪ್ ಡಬ್ಬಕ್ಕೆ ಚಾವಣಿ ಹಾಕಿಸಿ. ಹಾಕುವಾಗ ಎರಚಲು ಹೊಡೆಯುತ್ತದೆ ಅನ್ನುವುದು ನೆನಪಿರಲಿ. ನಾವು ಮೊದಲು ಡಬ್ಬದ ಅಳತೆಗೆ ಸರಿಯಾಗಿ ಶೀಟು ಹಾಕಿಸಿದೆವು, ಗಾಳಿ ಮಳೆಗೆ ಅರ್ಧ ಡಬ್ಬ ನೆನೆಯಿತು. ಆಮೇಲೆ ಎಲ್ಲ ಕಡೆ ಮೂರು ಅಡಿ ಮುಂದಕ್ಕೆ ಎಳೆದೆವು. ಕೆಳಗೆ ಸಿಮೆಂಟ್ ನೆಲ, ಸುತ್ತ ಸಣ್ಣ ಕಟ್ಟೆ, ಒಂದು ಮೂಲೆಯಲ್ಲಿ ಗುಂಡಿ. ಚಿಪ್ಸ್‌ನಿಂದ ಇಳಿದ ಕೂಲೆಂಟ್ ಆ ಗುಂಡಿಗೆ ಬರುತ್ತದೆ. ಅದನ್ನು ಸೋಸಿ ಮತ್ತೆ ಬಳಸಲು ಶುರು ಮಾಡಿದ ಮೇಲೆ ನಮ್ಮ ಮಾಲೀಕರು ಚಾವಣಿಯ ಖರ್ಚಿನ ಬಗ್ಗೆ ಮಾತೇ ಎತ್ತಲಿಲ್ಲ.

ಬ್ಯಾರೆಲ್ ವಿಷಯ ತುಂಬಾ ಜನರಿಗೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. 200 ಲೀಟರಿನ ಬ್ಯಾರೆಲ್ ಬಯಲಲ್ಲಿ ನೆಟ್ಟಗೆ ನಿಲ್ಲಿಸಿದರೆ ಅದರ ತಲೆಯ ಮೇಲೆ, ಅಂಚಿನ ಒಳಗೆ, ಮಳೆ ನೀರು ತಟ್ಟೆಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿಯಿಂದ ಹೊರಗೆ ಹೋಗುತ್ತದೆ. ಸಂಜೆ ತಣ್ಣಗಾದಾಗ ಕುಗ್ಗುತ್ತದೆ. ಆಗ ಮೇಲೆ ನಿಂತ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿದೆ ಅಂತ ನೀವು ಅಂದುಕೊಂಡಿರುತ್ತೀರಿ, ಬ್ಯಾರೆಲ್ ಮಾತ್ರ ದಿನಾ ಉಸಿರಾಡುತ್ತಿರುತ್ತದೆ. ನೀರು ತಳಕ್ಕೆ ಹೋಗಿ ಎಣ್ಣೆ ಮೇಲೆ ಬರುತ್ತದೆ, ಒಂದು ದಿನ ಯಾರೋ ಮುಚ್ಚಳ ತೆಗೆದರೆ ಎಣ್ಣೆ ಹೊರಗೆ. ಜಾಗವಿಲ್ಲದೆ ಬಯಲಲ್ಲಿ ಇಡಲೇಬೇಕಾದರೆ ಅಡ್ಡ ಮಲಗಿಸಿ, ಎರಡು ಮುಚ್ಚಳವೂ ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆಯ ಜಾಗಕ್ಕೆ ಬರುವ ಹಾಗೆ, ಉರುಳದಂತೆ ಕಟ್ಟೆ ಕೊಟ್ಟು. ಬಳಸಿದ ಎಣ್ಣೆಯನ್ನಂತೂ ಚಾವಣಿ ಕೆಳಗೇ ಇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಎಣ್ಣೆ ಒರೆಸಿದ ಬನಿಯನ್ ವೇಸ್ಟ್ ಕೂಡ ಅದೇ ಲೆಕ್ಕಕ್ಕೆ ಬರುತ್ತದೆ, ಕಸದ ಗುಡ್ಡೆಗೆ ಅಲ್ಲ.

ಡೀಸೆಲ್, ಎಣ್ಣೆ ಇಡುವ ಜಾಗದ ಸುತ್ತ ಬಂಡ್ (ಸೋರಿದ್ದನ್ನು ತಡೆಯುವ ಕಟ್ಟೆ) ಇರುತ್ತದಲ್ಲ, ಅದರೊಳಗಿನ ಅತಿ ದೊಡ್ಡ ಟ್ಯಾಂಕ್ ಪೂರ್ತಿ ಸೋರಿದರೂ ಹಿಡಿದು ಇನ್ನೂ ಹತ್ತು ಪರ್ಸೆಂಟ್ ಜಾಗ ಮಿಗಬೇಕು. ಕಟ್ಟುವುದನ್ನು ಎಲ್ಲರೂ ಕಟ್ಟುತ್ತಾರೆ. ಕೆಡುವುದು ಒಳಗಿನ ನೀರು ಹೊರಬಿಡುವ ವಾಲ್ವ್‌ನಲ್ಲಿ. ಬಂಡ್ ಒಳಗೆ ಮಳೆ ನೀರು ನಿಲ್ಲುತ್ತದೆ, ಪ್ರತಿ ಸಲ ಬಂದು ಖಾಲಿ ಮಾಡುವುದು ಹೆಲ್ಪರ್‌ಗೆ ಕಷ್ಟ. ಅವನು ವಾಲ್ವ್ ತೆಗೆದೇ ಬಿಟ್ಟಿರುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ, ನೀರು ನಿಲ್ಲುವ ಹಾಗೆ ಬಿಟ್ಟದ್ದು ನಾವು. ಮೇಲೆ ಚಾವಣಿ ಹಾಕಿಸಿ. ವಾಲ್ವ್‌ಗೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇರಲಿ. ನೀರು ಬಿಡುವ ಮುಂಚೆ ಒಬ್ಬರು ಬಗ್ಗಿ ನೋಡಿ, ಪೊರೆ ಇಲ್ಲ ಅಂತ ಪುಸ್ತಕದಲ್ಲಿ ಸಹಿ ಮಾಡಬೇಕು.

ನೆಲಕ್ಕೆ ಎಣ್ಣೆ ಚೆಲ್ಲಿದರೆ ಪೈಪು ಹಿಡಿದು ತೊಳೆಯುವ ಅಭ್ಯಾಸ ಇವತ್ತೇ ನಿಲ್ಲಿಸಿ. ತೊಳೆದರೆ ನೀವೇ ಮಳೆ ಸುರಿಸಿದ ಹಾಗೆ. ಮರದ ಪುಡಿ ಹಾಕಿ, ಹೀರಿಕೊಳ್ಳಲು ಬಿಟ್ಟು, ಪೊರಕೆಯಿಂದ ಗುಡಿಸಿ ಚೀಲಕ್ಕೆ ತುಂಬಿ. ಡೀಸೆಲ್ ಜನರೇಟರ್ ಹತ್ತಿರ ಒಂದು, ಬ್ಯಾರೆಲ್ ಹತ್ತಿರ ಒಂದು, ಲಾರಿ ಇಳಿಸುವ ಕಡೆ ಒಂದು, ಹೀಗೆ ಮೂರು ಡಬ್ಬ ಮರದ ಪುಡಿ ಇಟ್ಟರೆ ಆಯಿತು.

ಇಷ್ಟಾದ ಮೇಲೆ ಆಯಿಲ್ ಟ್ರ್ಯಾಪ್. ಗೇಟಿನ ಹತ್ತಿರ ಮೂರು ಕೋಣೆಯ ತೊಟ್ಟಿ. ಮೊದಲನೆಯದರಲ್ಲಿ ಮಣ್ಣು ಕೂರುತ್ತದೆ, ಎರಡನೆಯದರಲ್ಲಿ ಎಣ್ಣೆ ತೇಲುತ್ತದೆ, ಬಾಯಿ ಕೆಳಗೆ ಮಾಡಿದ ಎಲ್ಬೋದಿಂದ (ಬಾಗಿದ ಪೈಪಿನ ತುಂಡು) ತಳದ ನೀರು ಮಾತ್ರ ಮುಂದಕ್ಕೆ ಹೋಗುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಇದು ತೇಲುವ ಎಣ್ಣೆಯನ್ನು ಮಾತ್ರ ಹಿಡಿಯುತ್ತದೆ. ಕೂಲೆಂಟ್ ಹಾಲಿನ ಹಾಗೆ ನೀರಿನಲ್ಲಿ ಬೆರೆತುಹೋಗಿರುವುದರಿಂದ ಸಲೀಸಾಗಿ ದಾಟಿಕೊಂಡು ಹೋಗುತ್ತದೆ. ಸೋಪಿನ ನೀರು ಬಂದರೆ ತೇಲುತ್ತಿದ್ದ ಎಣ್ಣೆಯೂ ಕರಗಿ ಹೊರಟು ಹೋಗುತ್ತದೆ. ಟ್ರ್ಯಾಪ್ ಕಟ್ಟಿಸಿಬಿಟ್ಟೆವು, ಇನ್ನು ಚಿಂತೆಯಿಲ್ಲ ಅಂತ ಕೂತರೆ ಮೋಸ ಹೋಗುತ್ತೀರಿ. ನಾನು ಹೋಗಿದ್ದೆ. ಟ್ರ್ಯಾಪಿನ ಕೆಸರನ್ನು ಮಳೆಗಾಲಕ್ಕೆ ಮುಂಚೆ ತೆಗೆಸಲೇಬೇಕು. ಭರಣಿ ಮಳೆ ಏಪ್ರಿಲ್ ಕೊನೆಗೆ ಶುರುವಾಗುತ್ತದೆ. ಅದಕ್ಕೆ ಮೊದಲು ಅಂಗಳ ಗುಡಿಸಿ, ಮೋರಿ ಕೆಸರು ಎತ್ತಿ, ಟ್ರ್ಯಾಪ್ ಖಾಲಿ ಮಾಡಿ ಮುಗಿಸಿ. ಬೆಂಗಳೂರಿನಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್‌ನಲ್ಲಿ. ಆದರೆ ಕೊಳೆ ಜಾಸ್ತಿ ಹೋಗುವುದು ಏಪ್ರಿಲ್ ಕೊನೆಯ ಆ ಮೊದಲ ಮಳೆಗಳಲ್ಲಿ, ನಾಲ್ಕೈದು ತಿಂಗಳು ಕೂತ ಧೂಳು, ಗ್ರೀಸ್ ಎಲ್ಲ ಒಟ್ಟಿಗೆ.

ಹೊರಗೆ ಹೋಗುವ ಬಾಯಿಗೆ ಒಂದು ತೂಬು ಇಡಿ. ಕೆರೆಗೆ ಇರುತ್ತದಲ್ಲ, ಹಾಗೆ ಮೇಲೆ ಕೆಳಗೆ ಸರಿಯುವ ಒಂದು ಹಲಗೆ. ಡೀಸೆಲ್ ಚೆಲ್ಲಿದಾಗ, ಬೆಂಕಿ ಬಿದ್ದಾಗ ಅದನ್ನು ಇಳಿಸಿದರೆ ಎಲ್ಲವೂ ಕಾಂಪೌಂಡ್ ಒಳಗೇ ನಿಲ್ಲುತ್ತದೆ. ಬೆಂಕಿಗೂ ಇದಕ್ಕೂ ಏನು ಸಂಬಂಧ ಅಂದುಕೊಳ್ಳಬೇಡಿ. 1986ರ ನವೆಂಬರ್ 1ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಸುರಿದ ನೀರು ಕೀಟನಾಶಕಗಳನ್ನು ಹೊತ್ತು ಮಳೆ ನೀರಿನ ಹಾಗೆಯೇ ರೈನ್ ನದಿಗೆ ಇಳಿಯಿತು. ನದಿ ಕೆಂಪಾಯಿತು, ಮೀನುಗಳು ರಾಶಿ ರಾಶಿ ಸತ್ತವು. ನಮ್ಮಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಅಣ್ಣನಿಗೇ ಆ ಹಲಗೆ ಇಳಿಸುವುದನ್ನು ಕಲಿಸಿದ್ದೆವು. ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಮೊದಲು ಕಾಣುವುದು ಅವರಿಗೇ ಅಲ್ವಾ? ತಿಂಗಳಿಗೊಮ್ಮೆ ಇಳಿಸಿ ನೋಡಿ, ಇಲ್ಲದಿದ್ದರೆ ತುಕ್ಕು ಹಿಡಿದು ಬೇಕಾದಾಗ ಇಳಿಯುವುದಿಲ್ಲ.

ಸರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಒಂದು ಅಗಲ ಬಾಯಿಯ ಗಾಜಿನ ಜಾಡಿ ತನ್ನಿ, ಉಪ್ಪಿನಕಾಯಿಯದ್ದೇ ಆದರೂ ಸೋಪು ಹಾಕಿ ಚೆನ್ನಾಗಿ ತೊಳೆದು. ನೀರು ಹರಿಯಲು ಶುರುವಾದ ಮೊದಲ ಅರ್ಧ ಗಂಟೆಯೊಳಗೆ ಗೇಟಿನ ಹತ್ತಿರ ತುಂಬಿಸಿ. ಅಮೆರಿಕದ ಫ್ಯಾಕ್ಟರಿಗಳಲ್ಲಿ ಮಳೆ ನೀರಿಗೆ ಪ್ರತ್ಯೇಕ ಪರವಾನಗಿ ಇದೆ. ಅಲ್ಲಿ ಮೂರು ತಿಂಗಳಿಗೊಮ್ಮೆ ಹೀಗೆ ಹಿಡಿದು ಬಣ್ಣ, ವಾಸನೆ, ನೊರೆ, ಪೊರೆ ನೋಡಿ ಬರೆದಿಡಬೇಕು. ನಾವೂ ಮಾಡಬಹುದು, ಖರ್ಚಿಲ್ಲ. ಕಿಟಕಿ ಹತ್ತಿರ ಒಂದು ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. ತಳದಲ್ಲಿ ಎಷ್ಟು ಮಣ್ಣು, ಮೇಲೆ ಪೊರೆ ಇದೆಯಾ, ನಡುವೆ ಬೆಳ್ಳಗಿದೆಯಾ, ಎಲ್ಲ ಕಾಣುತ್ತದೆ. ಲ್ಯಾಬಿಗೆ ಕಳಿಸುವಾಗಲೂ ಎಣ್ಣೆ-ಗ್ರೀಸ್ ಪರೀಕ್ಷೆಗೆ ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ ಆದರೆ ಎಣ್ಣೆ ಗೋಡೆಗೆ ಅಂಟಿಕೊಂಡು ಲೆಕ್ಕ ತಪ್ಪುತ್ತದೆ. ಮಂಡಳಿಯವರು ಮತ್ತೆ ಬಂದಾಗ ನಕ್ಷೆ, ಆ ಪುಸ್ತಕ, ಜಾಡಿಯ ಫೋಟೋಗಳನ್ನು ಮುಂದಿಡಿ. ನಿಮ್ಮ ಸಿಎಫ್‌ಒ (ಫ್ಯಾಕ್ಟರಿ ನಡೆಸಲು ಮಂಡಳಿ ಕೊಟ್ಟ ಒಪ್ಪಿಗೆ ಪತ್ರ) ತೆಗೆದು ಮಳೆ ನೀರಿನ ಬಗ್ಗೆ ಏನು ಷರತ್ತು ಬರೆದಿದ್ದಾರೆ ಅಂತಲೂ ಒಮ್ಮೆ ಓದಿಕೊಳ್ಳಿ.

ನಮ್ಮ ಫ್ಯಾಕ್ಟರಿ ಇದ್ದ ಕಡೆಯ ಇಳಿಜಾರು ವೃಷಭಾವತಿಗೆ. ಅಲ್ಲಿಂದ ಬೈರಮಂಗಲದ ಕೆರೆ, ಆಮೇಲೆ ಅರ್ಕಾವತಿ, ಕೊನೆಗೆ ಕಾವೇರಿ. ಬೈರಮಂಗಲದ ಸುತ್ತ ಆ ನೀರಿನಲ್ಲೇ ಬೆಳೆ ಬೆಳೆಯುತ್ತಾರೆ. ಒಂದು ಭಾನುವಾರ ನಾನು ಅಲ್ಲಿಗೆ ಹೋಗಿ ಏರಿ ಮೇಲೆ ನಿಂತು ನೋಡಿ ಬಂದೆ. ನೊರೆ, ಕಪ್ಪು ನೀರು, ಪಕ್ಕದಲ್ಲೇ ಮೇಯುತ್ತಿದ್ದ ಹಸುಗಳು. ಅದರಲ್ಲಿ ಮುಕ್ಕಾಲು ಪಾಲು ಊರಿನ ಕಕ್ಕಸಿನ ನೀರಿರಬಹುದು. ಆದರೂ ನಮ್ಮ ಡಬ್ಬದ ತಳದ ಸಂದಿಯದ್ದೂ ಅಲ್ಲಿಗೇ ಬಂದಿತ್ತಲ್ಲ ಅಂತ ತುಂಬಾ ಸಂಕಟವಾಯಿತು. ಸಾಧ್ಯವಾದರೆ ನಿಮ್ಮ ಮಾಲೀಕರನ್ನೂ ಒಮ್ಮೆ ಕರೆದುಕೊಂಡು ಹೋಗಿ.

ಮುಂದಿನ ಮಳೆಗೆ ಜಾಡಿ ತುಂಬಿಸಿ ಫೋಟೋ ಹಾಕಿ. ನೀರು ಎಷ್ಟು ಕಡೆ ಹೊರಗೆ ಹೋಗುತ್ತದೆ, ಸ್ಕ್ರಾಪ್ ಡಬ್ಬ ಎಲ್ಲಿದೆ ಅಂತಲೂ ಬರೆಯಿರಿ. ಆಮೇಲೆ ಟ್ರ್ಯಾಪ್ ಎಷ್ಟು ದೊಡ್ಡದು ಬೇಕು ಅಂತ ಕೂತು ಲೆಕ್ಕ ಹಾಕೋಣ.