ಬೆಳೆಯುವ ನರಕೋಶಕ್ಕೆ ಎಲ್ಲಿ ಕವಲೊಡೆಯಬೇಕೆಂದು ಹೇಗೆ ಗೊತ್ತಾಗುತ್ತದೆ?

ಸುತ್ತಲಿನ ಕೋಶಗಳು ಸ್ರವಿಸುವ ಪ್ರೋಟೀನುಗಳೇ ಅದಕ್ಕೆ ಮುಖ್ಯ ಸುಳಿವು. ನರಕೋಶದ ಸಂದೇಶವನ್ನು ಹೊತ್ತೊಯ್ಯುವ ಉದ್ದನೆಯ ಎಳೆಯಾದ ಆಕ್ಸಾನಿನ ತುದಿಯಲ್ಲಿ ಅಂಗೈಯಂತೆ ಹರಡಿದ ‘ಬೆಳವಣಿಗೆಯ ಶಂಕು’ ಇರುತ್ತದೆ; ಸ್ಪೇನಿನ ನರವಿಜ್ಞಾನಿ ಕಾಹಾಲ್ ಇದನ್ನು 1890ರಲ್ಲೇ ವರ್ಣಿಸಿದ್ದರು. ದಾರಿ ಹುಡುಕುವುದು ಈ ತುದಿಯೇ. ಆದರೆ ಕವಲು ಎಷ್ಟೋ ಸಲ ತುದಿ ಸೀಳಿ ಬರುವುದಿಲ್ಲ, ತುದಿ ಮುಂದೆ ಸಾಗಿದ ಮೇಲೆ ಹಿಂದಿನ ಕಾಂಡದ ಮಗ್ಗುಲಲ್ಲಿ ಚಿಗುರುತ್ತದೆ.

ಉದಾಹರಣೆಗೆ, ಮೆದುಳಿನ ತೊಗಟೆಯ ಆಕ್ಸಾನಿಗೆ ನೆಟ್ರಿನ್-1 ಎಂಬ ಇಂಥ ಪ್ರೋಟೀನು ತಾಗಿದರೆ ಆ ಜಾಗದಲ್ಲಿ ಕ್ಯಾಲ್ಸಿಯಂ ಮಟ್ಟ ಕ್ಷಣಕಾಲ ಏರುತ್ತದೆ. ಕೋಶದೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಕಟ್ಟಿಕೊಂಡು ಕೋಶಪೊರೆಯನ್ನು ಸಣ್ಣ ಮುಳ್ಳುಗಳಂತೆ ಹೊರದೂಡುತ್ತವೆ. ಇವುಗಳಲ್ಲಿ ಬಹುಪಾಲು ಹಿಂದೆ ಸರಿದು ಮಾಯವಾಗುತ್ತವೆ. ಒಳಗೆ ಮೈಕ್ರೋಟ್ಯೂಬ್ಯೂಲ್ ಎಂಬ ಆಧಾರದ ಸೂಕ್ಷ್ಮ ಕೊಳವೆ ಹೊಕ್ಕು ಗಟ್ಟಿಯಾದದ್ದು ಮಾತ್ರ ಕವಲಾಗಿ ಉಳಿಯುತ್ತದೆ.

ನನಗೆ ಸೋಜಿಗವೆನಿಸುವುದು ಬೇರೆಯೇ: ಒಂದು ಸಂಕೇತಕ್ಕೆ ಒಂದೇ ಅರ್ಥವಿಲ್ಲ. ಸ್ಲಿಟ್ ಎಂಬ ಪ್ರೋಟೀನು ಹಲವು ಆಕ್ಸಾನುಗಳನ್ನು ದೂರ ತಳ್ಳುತ್ತದೆ, ಆದರೆ ಸಂವೇದನಾ ನರಕೋಶಗಳಲ್ಲಿ ಕವಲು ಹೆಚ್ಚಿಸುತ್ತದೆ. ಸೆಮಾಫೋರಿನ್-3ಎ ಎಂಬ ಪ್ರೋಟೀನಂತೂ ಒಂದೇ ಕೋಶದ ಆಕ್ಸಾನನ್ನು ಓಡಿಸಿ, ಸಂದೇಶ ಪಡೆಯುವ ಎಳೆಯಾದ ಡೆಂಡ್ರೈಟನ್ನು ಹತ್ತಿರ ಸೆಳೆಯಬಲ್ಲದು! ವ್ಯತ್ಯಾಸ ಇರುವುದು ಸಂಕೇತದಲ್ಲಲ್ಲ, ಅದನ್ನು ಓದುವ ಕೋಶದೊಳಗಿನ ಏರ್ಪಾಡಿನಲ್ಲಿ.